ಮರಿಗೋ ಹೊತ್ತ ಹರಕೆ

ಅತ್ತೆಯ ಹೆಸರಿಟ್ಟ ದೋಣಿಯನ್ನು ನಂಬಬಾರದು ಎಂಬುದು ಝಬೇಟಾಳ ಅನುಭವದ ಮಾತು. ಗಂಡ ಸ್ತಮಾತಿಸ್ ತನ್ನ ತಾಯಿಯ ನೆನಪಿಗೆಂದು ಆ ಹಾಯಿದೋಣಿಗೆ ‘ಮರಿಗೋ’ ಎಂದು ಬಣ್ಣದಲ್ಲಿ ಬರೆದ ದಿನವೇ ಅವಳು ಹೇಳಿದ್ದಳು, ಇದು ನನ್ನ ಮಾತು ಕೇಳುವುದಿಲ್ಲ ಎಂದು. ಕೇಳಲೂ ಇಲ್ಲ. ಆದರೂ ಬೇಸಿಗೆ ಬಂತೆಂದರೆ ಬಂದರೂರು ಪಿರೇಯಸ್ಸಿನ ಮನೆಗೆ ಬೀಗ ಜಡಿದು ಗಂಡ ಹೆಂಡತಿ ದ್ವೀಪದಿಂದ ದ್ವೀಪಕ್ಕೆ ಹೊರಟುಬಿಡುತ್ತಿದ್ದರು. ಚುಕ್ಕಾಣಿ ಅವನದು, ಒಲೆ ಅವಳದು. ಅಲೆಗೆ ಬಾಣಲೆ ಮಗುಚದಂತೆ ಸೊಂಟ ಆನಿಸಿ ನಿಂತು ಬದನೆಕಾಯಿ ಹುರಿಯುವುದು, ಒಗೆದ ಬಟ್ಟೆಯ ಪಕ್ಕದಲ್ಲೇ ಆಕ್ಟೋಪಸ್ ಒಣಹಾಕುವುದು, ಸೆಕೆಯಾದರೆ ಡೆಕ್ಕಿನ ಮೇಲೆ ಚಾಪೆ ಬಿಚ್ಚಿ ಜಗಳವಾಡುತ್ತಲೇ ನಿದ್ದೆ ಹೋಗುವುದು, ಹೀಗೇ ಅವರ ದಾಂಪತ್ಯ ಸಾಗಿತ್ತು.

ಈ ವರ್ಷ ಮಾತ್ರ ಎಲ್ಲ ಅದಲುಬದಲು. ಚಳಿಗಾಲದಲ್ಲಿ ಸ್ತಮಾತಿಸ್‌ಗೆ ಲಕ್ವ ಹೊಡೆಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಝಬೇಟಾ ದೇವಮಾತೆಗೆ ಹರಕೆ ಹೊತ್ತಳು. “ತಾಯೀ, ಇವನನ್ನ ಉಳಿಸಿಕೊಡು. ಆಗಸ್ಟಿನ ನಿನ್ನ ಹಬ್ಬದ ದಿನ, ಇರಾಕ್ಲಿಯಾ ದ್ವೀಪದ ನಿನ್ನ ಗುಡಿಗೆ, ನಮ್ಮ ದೋಣೀಲೇ, ಹಾಯಿ ಬಿಚ್ಚಿಯೇ ಕರ್ಕೊಂಡು ಬರ್ತೀನಿ.” ಅವನು ಉಳಿದ. ಎಡಗೈ ಮಾತ್ರ ಸತ್ತ ಮೀನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಅರೆಮನುಷ್ಯ ಚುಕ್ಕಾಣಿ ಹಿಡಿಯಬಾರದು ಎಂದು ಅವನೇ ತೀರ್ಮಾನಿಸಿಕೊಂಡು, ಬಲಗೈಯನ್ನೂ ಕಟ್ಟಿಕೊಂಡು ಕೂತುಬಿಟ್ಟ. ಹರಕೆ ಹೊತ್ತವಳು ಬಿಡುವಂತಿರಲಿಲ್ಲ. ಒಲೆಯವಳೇ ಚುಕ್ಕಾಣಿಗೆ ಬಂದಳು. ಹರಕೆ ತಪ್ಪಿದರೆ ಕೊಟ್ಟದ್ದನ್ನು ದೇವಮಾತೆ ಹಿಂದಕ್ಕೆ ತೆಗೆದುಕೊಂಡಾಳು ಎಂಬ ಭಯ ಬೇಸಿಗೆಯುದ್ದಕ್ಕೂ ಅವಳ ಎದೆಯಲ್ಲಿ ಕೂತಿತ್ತು.

ಹಬ್ಬದ ಮುನ್ನಾದಿನ ಸಂಜೆ ಪಕ್ಕದ ದ್ವೀಪ ಕೂಫೊನಿಸಿಯ ಬಂದರಿಗೆ ಬಂದಾಗ ದಕ್ಕೆಯ ತುಂಬ ದೋಣಿಗಳು. ಎಲ್ಲವೂ ದಕ್ಕೆಗೆ ಬೆನ್ನು ಕಟ್ಟಿಕೊಂಡು, ಮೂತಿಯ ಕಡೆಯ ಲಂಗರನ್ನು ದೂರದ ನೀರಿನಲ್ಲಿ ಇಳಿಬಿಟ್ಟಿದ್ದವು. ತಳದಲ್ಲಿ ಸರಪಳಿಗಳು ಸಾಲಾಗಿ ಮಲಗಿರುತ್ತವೆ. ಒಬ್ಬರ ಸರಪಳಿಯ ಮೇಲೆ ಇನ್ನೊಬ್ಬರು ಲಂಗರು ಬಿಟ್ಟರೋ, ಎತ್ತುವಾಗ ಎರಡೂ ಸಿಕ್ಕಿಕೊಂಡು ಗ್ರಹಚಾರ.

“ಇನ್ನೂ ಎಡಕ್ಕೆ ಕಣೇ,” ಎಂದ ಸ್ತಮಾತಿಸ್.

“ಕಪ್ತಾನ ಯಾರು? ನೀನೋ ನಾನೋ?”

“ನೀನೇ ಮಾರಾಯ್ತಿ. ಆದ್ರೂ ಎಡಕ್ಕೆ.”

“ಹಬ್ಬದ ಉಪವಾಸ ಅಂತ ಹದಿನೈದು ದಿನದಿಂದ ಬರೀ ಕಡಲೆ ತಿಂದು ನಿನ್ನ ತಲೇನೂ ಕಡಲೆ ಆಗಿದೆ. ಸುಮ್ನಿರು!” ಎಂದವಳೇ ಓಡಿಹೋಗಿ ಲಂಗರು ಇಳಿಬಿಟ್ಟಳು. ಅವನು ಬಾಯಿ ಮುಚ್ಚಿಕೊಂಡ. ಬಾಯಿ ಮುಚ್ಚಿಕೊಳ್ಳುವ ಗಂಡನಿಗಿಂತ ಕೆಟ್ಟ ಶಕುನ ಇನ್ನೊಂದಿಲ್ಲ.

ಬೆಳಗ್ಗೆ ಬಡಗಣ ಗಾಳಿ ಜೋರಾಗಿತ್ತು. ಇರಾಕ್ಲಿಯಾಕ್ಕೆ ಅದು ಬೆನ್ನಗಾಳಿ, ಒಳ್ಳೆಯದೇ. ದಕ್ಕೆಯ ಹಗ್ಗ ಬಿಚ್ಚಿ, ಎಂಜಿನ್ ಗುರುಗುಟ್ಟಿಸಿ, ಝಬೇಟಾ ಮೂತಿಯಲ್ಲಿ ಕೂತು ಲಂಗರಿನ ರಾಟೆ ತಿರುಗಿಸತೊಡಗಿದಳು. ಅರ್ಧಕ್ಕೆ ಬಂದಮೇಲೆ ರಾಟೆ ಕಲ್ಲಿನಂತಾಯಿತು. ಮೈಯೆಲ್ಲ ಬಲ ಹಾಕಿ ಎಳೆದಳು. ಲಂಗರು ನೀರಿನಿಂದ ಮೇಲೆದ್ದಾಗ ಅದರ ಕೊಕ್ಕೆಗೆ ಮಣಿಕಟ್ಟಿನಷ್ಟು ದಪ್ಪದ ಇನ್ನೊಂದು ಸರಪಳಿ ಜೋತಿತ್ತು.

ಪಕ್ಕದ ಮೀನುದೋಣಿ ಅಲುಗಾಡಿತು. ಅದರ ಯಜಮಾನ, ಬಂದರಿಗೆಲ್ಲ ಪರಿಚಿತನಾದ ಯೋರ್ಡಾನಿಸ್, ಮೀಸೆಯ ದಡೂತಿ ಆಸಾಮಿ, ಚಡ್ಡಿಯಲ್ಲೇ ಎದ್ದುಬಂದ.

“ಯಾರ್ರೀ ಅದು ನನ್ನ ಸರಪಳಿ ಎತ್ಕೊಂಡು ಹೋಗ್ತಿರೋದು? ಕಪ್ತಾನಮ್ಮಾ, ಲಂಗರು ಹಾಕಿದ್ಯೋ, ಗಾಳ ಹಾಕಿದ್ಯೋ?”

“ನಿನ್ನ ಸರಪಳಿ ಅಡ್ಡಾದಿಡ್ಡಿ ಬಿದ್ದಿದ್ರೆ ನಾನೇನು ಮಾಡ್ಲಿ?”

“ಆಹಾ! ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ!”

ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಗಾಳಿ ಮರಿಗೋವನ್ನು ಸಾಲುದೋಣಿಗಳ ಮೇಲೆ ನೂಕುತ್ತಿತ್ತು. ರಾಟೆ ಬಿಟ್ಟು ಚುಕ್ಕಾಣಿಗೆ ಓಡಿದರೆ ಸರಪಳಿ ಬಿಗಿಯುತ್ತದೆ, ಇಲ್ಲೇ ಕೂತರೆ ದೋಣಿ ಒಡೆಯುತ್ತದೆ. ಹರಕೆ, ಹಬ್ಬ, ಗಂಡ, ಎಲ್ಲವೂ ಕಣ್ಣಮುಂದೆಯೇ ಕೈತಪ್ಪಿ ಹೋಗುತ್ತಿರುವಂತೆ ಕಂಡಿತು. ಅವಳು ಹಿಂತಿರುಗಿ ಕಿರುಚಿದಳು.

“ಚುಕ್ಕಾಣಿ ಹಿಡೀ!”

“ನನ್ನ ಕೈ—”

“ಬಲಗೈ ಇದ್ಯಲ್ಲೋ ಪುಣ್ಯಾತ್ಮ! ಅದಕ್ಕೇನು ದಾಡಿ? ಹಿಡಿ!”

ಅವನು ಹಿಡಿದ. ಚಳಿಗಾಲದ ನಂತರ ಮೊದಲ ಸಲ. ಮರಿಗೋ ಒಮ್ಮೆ ಮುಗ್ಗರಿಸಿ, ಹಳೆಯ ಕೈಯನ್ನು ಗುರುತಿಸಿದಂತೆ, ಗಾಳಿಗೆ ಮುಖ ಕೊಟ್ಟು ನಿಂತಿತು. ಝಬೇಟಾ ಬೋರಲು ಮಲಗಿ, ಕೈ ಚಾಚಿ, ಯೋರ್ಡಾನಿಸನ ಸರಪಳಿಯಡಿ ಹಗ್ಗ ತೂರಿಸಿ ದೋಣಿಯ ಗೂಟಕ್ಕೆ ಬಿಗಿದಳು.

ಯೋರ್ಡಾನಿಸ್ ಬಯ್ಯುತ್ತಲೇ ತನ್ನ ಸರಪಳಿ ಸಡಿಲಬಿಟ್ಟ. “ಈಗ ನಿನ್ನ ಲಂಗರು ಇಳಿಸು! ಇನ್ನೊಂಚೂರು! ಬಿಡ್ತು, ಬಿಡ್ತು! ಹಗ್ಗ ಕಳಚು!”

ಸರಪಳಿ ದಡಬಡಿಸಿ ನೀರಿಗೆ ಬಿತ್ತು. ಮರಿಗೋ ಬಿಡುಗಡೆಯಾಯಿತು.

“ದೇವರು ನಿನ್ನ ತಣ್ಣಗಿಡ್ಲಿ ಯೋರ್ಡಾನಿಸ್! ಇರಾಕ್ಲಿಯಾದ ಗುಡಿಗೆ ಹೊರಟವಳು ಹಬ್ಬದ ದಿನ ನಿನ್ನ ನಿದ್ದೆ ಕೆಡಿಸಿದೆ.”

“ಕೆಡಿಸೋದೇನು, ಕೊಂದೇಬಿಟ್ಟೆ! ಹೋಗು, ನನ್ನ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚು. ದೊಡ್ಡದು!”

ಬಂದರಿನಾಚೆ ಎಂಜಿನ್ ಆರಿಸಿ ಹಾಯಿ ಬಿಚ್ಚಿದರು. ಬೆನ್ನಗಾಳಿ ತುಂಬಿಕೊಂಡಿತು. ನೀರಿನ ಸದ್ದೊಂದೇ ಉಳಿಯಿತು. ಸ್ತಮಾತಿಸ್ ಚುಕ್ಕಾಣಿ ಬಿಡಲಿಲ್ಲ, ಅವಳೂ ಕೇಳಲಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿ ತಂದು, ಅವನ ಪಕ್ಕದಲ್ಲಿ ಕೂತು, ಹಾಯಿ ಕಡೆ ನೋಡುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ಇಷ್ಟು ಸಾಕು ತಾಯೀ, ಇದಕ್ಕಿಂತ ಹೆಚ್ಚಿನದು ಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಇರಾಕ್ಲಿಯಾದಲ್ಲಿ ಯಾರದೋ ತರಕಾರಿ ಗಾಡಿಯ ಹಿಂದೆ ಕೂತು ಗುಡ್ಡ ಹತ್ತಿ ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಅಂಗಳದಲ್ಲಿ ಉದ್ದ ಮೇಜುಗಳು, ಆಡಿನ ಮಾಂಸದ ಕೊಪ್ಪರಿಗೆ, ಉಪವಾಸ ಮುರಿದವರ ಗಲಾಟೆ. ಝಬೇಟಾಳ ಮುಖ ಬಾಡಿದ್ದನ್ನು ಪಾದ್ರಿ ನೋಡಿದ.

“ತಡವಾಯ್ತು ಫಾದರ್. ಹರಕೆ ಇತ್ತು.”

“ಹಬ್ಬ ಸೂರ್ಯ ಮುಳುಗೋವರೆಗೂ ಹಬ್ಬಾನೇ ಕಣಮ್ಮ. ದೇವಮಾತೆಯೇನು ಸಂಜೆ ದೋಣಿ ಹತ್ತಿ ಊರಿಗೆ ಹೋಗ್ತಾಳಾ? ಒಳಗೆ ಹೋಗಿ. ಬಂದು ಊಟ ಮಾಡಿ, ನಿಮ್ಮ ಪಾಲು ಎತ್ತಿಟ್ಟಿರ್ತೀನಿ.”

ಒಳಗೆ ದೇವಮಾತೆಯ ಚಿತ್ರದ ಕೆಳಗೆ ದಾರದಲ್ಲಿ ಹರಕೆಯ ಬೆಳ್ಳಿ ತಗಡುಗಳು ಜೋತಿದ್ದವು. ಕಾಲು, ಕಣ್ಣು, ಕೂಸು, ದೋಣಿ. ಝಬೇಟಾ ಕರವಸ್ತ್ರ ಬಿಚ್ಚಿ, ತಾನು ತಂದಿದ್ದ ಬೆಳ್ಳಿಯ ಎಡಗೈಯನ್ನು ಕಟ್ಟಿದಳು. ಎರಡು ಮೇಣದಬತ್ತಿ ಹಚ್ಚಿದಳು, ಯೋರ್ಡಾನಿಸನದು ದೊಡ್ಡದು.

ತಿರುಗಿ ನೋಡಿದರೆ ಸ್ತಮಾತಿಸ್ ಅಂಗಿಯ ಜೇಬಿನಲ್ಲಿ ತಡಕಾಡುತ್ತಿದ್ದ. ಕಾಗದದ ಪೊಟ್ಟಣವೊಂದು ಹೊರಬಂತು. ಅದರೊಳಗೂ ಬೆಳ್ಳಿ ತಗಡು. ಒಂದು ಕೈಯಲ್ಲ, ಜೋಡಿ ಕೈ.

“ಇದ್ಯಾವಾಗ ತಗೊಂಡೆ? ನಿಂದು ಬಲಗೈ ಚೆನ್ನಾಗಿದೆ ಅಲ್ವಾ?” ಅವಳಿಗೆ ಗಾಬರಿಯಾಯಿತು.

“ನನ್ನದಲ್ಲ.”

“ಮತ್ತೆ?”

“ದಾರೀಲಿ ನಕ್ಸೋಸ್‌ನಲ್ಲಿ ಇಳಿದಾಗ ತಗೊಂಡೆ. ಅಂಗಡಿಯವನೂ ಕೇಳ್ದ, ಯಾರಿಗೆ ಹುಷಾರಿಲ್ಲ ಅಂತ. ಹುಷಾರಿಲ್ಲ ಅಂತಲ್ಲಪ್ಪ, ನನ್ನನ್ನ ಹಿಡ್ಕೊಂಡಿರೋ ಕೈ ಇವು, ಅದಕ್ಕೆ ಥ್ಯಾಂಕ್ಸ್ ಹೇಳ್ಬೇಕು ಅಂದೆ.” ಅವನು ತಲೆಯೆತ್ತಲಿಲ್ಲ. “ಕಟ್ಟು ಮಾರಾಯ್ತಿ. ಒಂದೇ ಕೈಲಿ ಗಂಟು ಹಾಕೋಕೆ ಬರಲ್ಲ.”

ಝಬೇಟಾ ತನ್ನ ಅಂಗೈಗಳನ್ನು ನೋಡಿಕೊಂಡಳು. ಸರಪಳಿಯ ತುಕ್ಕು ಗೆರೆಗಳಲ್ಲಿ ಹಾಗೇ ಮೆತ್ತಿತ್ತು, ಒಂದೆರಡು ಕಡೆ ಚರ್ಮ ಕಿತ್ತಿತ್ತು. ಇಂಥವನ್ನು ಬೆಳ್ಳಿಯಲ್ಲಿ ಮಾಡಿಸಿ ದೇವರ ಮುಂದೆ ಕಟ್ಟುವುದೇ ಎಂದು ನಾಚಿಕೆಯಾಯಿತು. ಆಮೇಲೆ ಆ ಕೈಗಳಲ್ಲೇ ದಾರ ಬಿಗಿದಳು. ಬಿಚ್ಚದಿರಲೆಂದು ಗಂಟು ಎರಡು ಸಲ ಹಾಕಿದಳು.

“ಮುದುಕಪ್ಪಾ,” ಎಂದಳು, “ಇದನ್ನ ನಿನ್ನೆ ಸಂಜೇನೇ ಹೇಳಿದ್ದಿದ್ರೆ, ನೀನು ಎಡಕ್ಕೆ ಅಂದಾಗ ಎಡಕ್ಕೇ ಹೋಗ್ತಿದ್ದೆ.”