ಗಿರಣಿಯವನು ಸತ್ತ ಪುಟ

ಆ ಊರಿನ ಹೊರಠಾಣೆಗೆ ಒಂದು ಕೋಣೆ, ಒಂದು ಮೇಜು, ಒಬ್ಬನೇ ಪೊಲೀಸಿನವನು. ಊರಿಗೆಲ್ಲ ಅವನು ಪೊಲೀಸಪ್ಪ. ಇಪ್ಪತ್ತೆರಡು ವರ್ಷದಲ್ಲಿ ಹಿಡಿದ ಕಳ್ಳರಿಗಿಂತ ಬಿಡಿಸಿದ ಜಗಳಗಳೇ ಹೆಚ್ಚು. ಬೆಳಗ್ಗೆ ಬಾಗಿಲು ತೆಗೆದು, ಕಣ್ಣು ಮುಚ್ಚಿ ದೇವರನ್ನು ನೆನೆದು, ದಿನಚರಿ ಪುಸ್ತಕದಲ್ಲಿ ತಾರೀಕು ಬರೆದರೆ ಲೋಕ ತನ್ನ ಜಾಗದಲ್ಲಿ ಕೂತಿದೆ ಎಂಬ ನೆಮ್ಮದಿ ಅವನಿಗೆ.

ಅಂಥವನ ಠಾಣೆಗೆ ಟೀವಿಯವರು ಬಂದರು. ಹಳ್ಳಿಯ ಪೊಲೀಸಿನವನೊಬ್ಬ ಕೊಲೆಯ ಜಾಡು ಹಿಡಿಯುವ ಧಾರಾವಾಹಿ, ಹತ್ತು ಕಂತು. ನಾಯಕನಾದವನು ನೋಡಲು ಸಿಂಹದಂತಿದ್ದ. ಅವನ ಅಕ್ಷರ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಬರೆಯುವ ಕೈ ಹತ್ತಿರದಿಂದ ಕಾಣಬೇಕಾದಾಗಲೆಲ್ಲ ಪೊಲೀಸಪ್ಪನನ್ನೇ ಕೂರಿಸಿದರು. ಮುಖ ಅವನದು, ಕೈ ಇವನದು. ಠಾಣೆಯ ದಿನಚರಿಯಂಥದೇ ಇನ್ನೊಂದು ಪುಸ್ತಕವನ್ನೂ ಅವರು ಮಾಡಿಸಿದ್ದರು. ರಟ್ಟಿನ ಮೂಲೆಯಲ್ಲಿದ್ದ ಎಣ್ಣೆಯ ಕಲೆಯನ್ನೂ ಬಿಟ್ಟಿರಲಿಲ್ಲ.

ಒಂದು ದಿನ ಶೂಟಿಂಗ್ ನಡುವೆ ಬಿಡುವಿದ್ದಾಗ ದರ್ಜಿಯಕ್ಕ ಅಳುತ್ತ ಬಂದಳು. ಗಂಡ ಸತ್ತ ಮೇಲೆ ಅವಳ ಮನೆ ನಡೆಸಿದ್ದ ಹೊಲಿಗೆ ಮಿಷನ್ನನ್ನು ಯಾರೋ ಹೊತ್ತೊಯ್ದಿದ್ದರು. ಹದಿನೆಂಟು ವರ್ಷ ಕಣ್ಣೆದುರೇ ಇದ್ದ ಮಿಷನ್ ನಂಬರನ್ನು ಅವಳು ಬಾಯಿಪಾಠ ಹೇಳಿದಳು. ಪೊಲೀಸಪ್ಪ ಬರೆದುಕೊಂಡ. "ದೂರಿನ ಪ್ರತೀನ ನಾಳೆ ಕೊಡ್ತೀನಿ ಅಕ್ಕ" ಅಂದ. ಅಷ್ಟರಲ್ಲಿ ಶೂಟಿಂಗಿನ ದೀಪ ಹತ್ತಿತು, ಅವನನ್ನು ಕೈಗಾಗಿ ಕರೆದರು. ಆ ನಾಳೆ ಬರಲೇ ಇಲ್ಲ. ವಾರದಲ್ಲಿ ಪುಸ್ತಕ ತುಂಬಿತು, ಬೀರು ಸೇರಿತು.

ನಾಲ್ಕು ತಿಂಗಳ ಮೇಲೆ ಪೇಟೆಯ ಠಾಣೆಯಿಂದ ಸಾಹೇಬರ ಫೋನು. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಹೊಲಿಗೆ ಮಿಷನ್ ಸಿಕ್ಕಿದೆ, ಅಂಗಡಿಯವನು ತಾನು ಕೊಂಡದ್ದು ಅನ್ನುತ್ತಾನೆ. "ಕಳುವಾದಾಗಲೇ ಬರೆದ ದೂರು, ಅದರಲ್ಲಿ ನಂಬರು, ಶನಿವಾರದೊಳಗೆ ತೋರಿಸ್ರಿ. ಇಲ್ದಿದ್ರೆ ವಾಪಸ್ ಅಂಗಡಿಗೆ ಕೊಡಬೇಕಾಗುತ್ತೆ."

ಪೊಲೀಸಪ್ಪ ಬೀರು ತೆಗೆದ. ಆ ತಾರೀಕಿನ ಪುಟದಲ್ಲಿ ಅವನದೇ ದುಂಡು ಅಕ್ಷರದಲ್ಲಿ ಹೀಗಿತ್ತು: ಬೆಳಗ್ಗೆ ಒಂಬತ್ತಕ್ಕೆ ಗಿರಣಿ ಮಾಲೀಕನ ಶವ ಪತ್ತೆ. ತಲೆಗೆ ಪೆಟ್ಟು.

ಊರಲ್ಲಿ ಇರುವುದು ಒಂದೇ ಗಿರಣಿ. ಅವನು ಕಿಟಕಿಯಿಂದ ಆಚೆ ನೋಡಿದ. ಗಿರಣಿಯವನು ಮೈತುಂಬ ಹಿಟ್ಟು ಮೆತ್ತಿಕೊಂಡು ಸೈಕಲ್ ತಳ್ಳುತ್ತ ಹೋಗುತ್ತಿದ್ದ. ಬೆಳ್ಳಗೆ ಕಂಡ ಅವನನ್ನು ನೋಡಿ ಪೊಲೀಸಪ್ಪ ಕಿಟಕಿಯಿಂದ ಹಿಂದೆ ಸರಿದ.

ಮಧ್ಯಾಹ್ನ ಊಟಕ್ಕೆ ಕೂತ. "ದರ್ಜಿಯಕ್ಕ ಬಂದಿದ್ದು ನಿಜಾನಾ, ಅದೂ ನಾಟಕಾನಾ? ಅಳೋರೂ ಸುಮಾರು ಜನ ಬಂದಿದ್ರು ಆಗ," ಅಂದ ಹೆಂಡತಿಗೆ.

"ರೀ, ನನ್ನನ್ನ ಮದುವೆ ಆಗಿದ್ದಾದ್ರೂ ನೆನಪಿದೆಯಾ, ಇಲ್ಲ ಅದೂ ಶೂಟಿಂಗಾ?" ಅಂದಳು ಅವಳು. "ಎರಡು ಪುಸ್ತಕ ಅದಲುಬದಲಾಗಿದೆ, ಅಷ್ಟೇ. ದೂರನ್ನ ಅವರ ಪುಸ್ತಕದಲ್ಲಿ ಬರೆದ್ರಿ, ಹೆಣಾನ ನಮ್ಮದ್ರಲ್ಲಿ ಬರೆದ್ರಿ."

ಟೀವಿಯವರಿಗೆ ಫೋನು ಮಾಡಿದ. ಸಾಮಾನು ನೋಡಿಕೊಳ್ಳುವವನು ನಕ್ಕ. "ಆ ಪುಸ್ತಕಾನಾ? ಕೊನೇ ಕಂತಲ್ಲಿ ಕೊಲೆಗಾರ ಅದನ್ನ ಸುಡ್ತಾನೆ ಸಾರ್. ನಿಜವಾಗ್ಲೂ ಸುಟ್ಟೆವು. ಶುಕ್ರವಾರ ಸಂಜೆ ಬರುತ್ತೆ, ತಪ್ಪದೆ ನೋಡಿ."

ಶುಕ್ರವಾರ ದರ್ಜಿಯಕ್ಕನ ಮನೆಯಲ್ಲಿ ಗಂಡ, ಹೆಂಡತಿ, ಅವಳು ಮೂವರೂ ಟೀವಿ ಮುಂದೆ ಕೂತರು. ಊರೆಲ್ಲ ಕೊಲೆಗಾರ ಯಾರೆಂದು ಉಸಿರು ಬಿಗಿಹಿಡಿದಿದ್ದರೆ, ಇವರು ದೂರಿನ ಪುಟಕ್ಕಾಗಿ ಕಾದರು. ಹೆಂಡತಿ ವಿಡಿಯೋ ತೆಗೆಯಲು ಮೊಬೈಲನ್ನು ಪರದೆಗೆ ಹಿಡಿದಿದ್ದಳು. ದರ್ಜಿಯಕ್ಕನ ಬೆರಳುಗಳಲ್ಲಿ ನಾಲ್ಕು ತಿಂಗಳ ಕೈಹೊಲಿಗೆಯ ಗಾಯಗಳಿದ್ದವು.

ಪುಸ್ತಕಕ್ಕೆ ಬೆಂಕಿ ಬಿತ್ತು. ಪುಟಗಳು ಒಂದೊಂದೇ ಸುರುಟಿಕೊಂಡವು.

"ಅದೇ! ನನ್ನ ಮಿಷನ್ನು!" ಎಂದು ದರ್ಜಿಯಕ್ಕ ಎದ್ದೇ ನಿಂತಳು.

ನಾಲ್ಕು ಅಂಕಿ ಕಂಡವು. ಕೊನೆಯ ಎರಡನ್ನು ಬೆಂಕಿ ತಿಂದಿತು. ತಾರೀಕು ಆಗಲೇ ಬೂದಿಯಾಗಿತ್ತು. ತನ್ನ ಅಕ್ಷರ ತನ್ನ ಕಣ್ಣೆದುರೇ ಉರಿಯುವುದನ್ನು ನೋಡಿ ಪೊಲೀಸಪ್ಪ ಬೆರಳು ಹಿಂದಕ್ಕೆಳೆದುಕೊಂಡ.

"ನಾಳೆ ಸತ್ತವನನ್ನೂ ಕರ್ಕೊಂಡು ಹೋಗಿ," ಅಂದಳು ಹೆಂಡತಿ. "ಅವನು ಬದುಕಿದ್ರೆ ತಾನೇ ನೀವು ಬರೆದಿದ್ದು ಸುಳ್ಳು, ಪುಸ್ತಕ ಅದಲುಬದಲಾಗಿದೆ ಅಂತ ಆಗೋದು."

ಗಿರಣಿಯವನಿಗೆ ವಿಷಯ ತಿಳಿದು ಸಿಟ್ಟು ನೆತ್ತಿಗೇರಿತು. "ಏನ್ ಸ್ವಾಮಿ, ನಾಲ್ಕು ತಿಂಗಳಿಂದ ನಾನು ಸರ್ಕಾರಿ ಲೆಕ್ಕದಲ್ಲಿ ಹೆಣಾನಾ? ಒಂದು ಮಾತು ಹೇಳಬಾರದಾ?" ಆದರೂ ಒಗೆದ ಅಂಗಿ ಹಾಕಿಕೊಂಡು ಪೊಲೀಸಪ್ಪ, ದರ್ಜಿಯಕ್ಕನ ಜೊತೆ ಬಸ್ಸು ಹತ್ತಿದ.

ಪೇಟೆಯ ಸಾಹೇಬರು ಮೊಬೈಲು ಕಂಡದ್ದೇ ಅಂಗೈ ಅಡ್ಡ ಹಿಡಿದರು. "ಯಾರು ಕೊಂದಿದ್ದು ಅಂತ ಮಾತ್ರ ಹೇಳಬೇಡಿ. ನಾನಿನ್ನೂ ಎಂಟನೇ ಕಂತಲ್ಲಿದ್ದೀನಿ." ಕಾಗದವಿದ್ದಷ್ಟು ಭಾಗ ಮಾತ್ರ ನೋಡಿದರು. ದಿನಚರಿ ನೋಡಿದರು. ಕೊನೆಗೆ ಗಿರಣಿಯವನನ್ನು ನೋಡಿದರು.

"ಇವನೇನಾ ಸತ್ತವನು?"

"ನಾನೇ ಸ್ವಾಮಿ," ಅಂದ ಗಿರಣಿಯವನು ಮುಖ ಊದಿಸಿಕೊಂಡು.

ಮೂಲೆಯಲ್ಲಿ ಗೋಣಿ ಹೊದಿಸಿದ ಮಿಷನ್ ಇತ್ತು. ಸಾಹೇಬರು ಒಬ್ಬರೇ ಗೋಣಿ ಎತ್ತಿ ಇಣುಕಿದರು. "ನಾಲ್ಕು ಅಂಕಿ ಸರಿಯಾಗಿದೆ. ಉಳಿದ ಎರಡು?"

ಎಲ್ಲರೂ ಪೊಲೀಸಪ್ಪನ ಕಡೆ ತಿರುಗಿದರು. ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಅವನು ಕಣ್ಣು ಮುಚ್ಚಿದ. ದೇವರ ಬದಲು ಬೆಂಕಿ ಕಂಡಿತು. "ಬರೆದಿದ್ದು ನಾನೇ ಸಾರ್. ಏನು ಬರೆದೆ ಅಂತ ನೆನಪಿಲ್ಲ. ಆ ದಿನ ಯಾವುದು ನಿಜ, ಯಾವುದು ಆಟ ಅಂತ ನನಗೆ ಈಗಲೂ ಗೊತ್ತಿಲ್ಲ."

"ಏಳು, ಒಂದು," ಅಂದಳು ದರ್ಜಿಯಕ್ಕ, ಮೆಲ್ಲಗೆ.

ಸಾಹೇಬರು ಮತ್ತೆ ಇಣುಕಿದರು. ಗೋಣಿಯನ್ನು ಪೂರ್ತಿ ತೆಗೆದರು. ದರ್ಜಿಯಕ್ಕ ಹೋಗಿ ಚಕ್ರದ ಮೇಲೆ ಕೈಯಿಟ್ಟಳು. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟುವ ಹಾಗೆ.

"ಮೊದಲು ಈ ಕೊಲೆ ಸರಿಮಾಡ್ರಿ," ಎಂದು ಸಾಹೇಬರು ದಿನಚರಿಯನ್ನು ಮುಂದೆ ತಳ್ಳಿದರು.

ಪೊಲೀಸಪ್ಪ ಪೆನ್ನು ತೆಗೆದ. ಬರೆಯುವ ಮುನ್ನ ತಲೆಯೆತ್ತಿ ನಾಲ್ಕೂ ಮೂಲೆ ನೋಡಿದ. ಎಲ್ಲೂ ದೀಪ ಹತ್ತಿರಲಿಲ್ಲ. ಆದರೂ ಕೈ ಮುಂದೆ ಸಾಗಲಿಲ್ಲ. "ಅಕ್ಕ," ಅಂದ, "ಇದು ನಮ್ಮ ಪುಸ್ತಕ ತಾನೇ?"

"ನಮ್ಮದೇ ಪೊಲೀಸಪ್ಪ. ಬರಿ."

ಮೇಲೆ ಹೇಳಿದ ಮೃತನು ಬದುಕಿದ್ದಾನೆ, ನಾನೇ ನೋಡಿದೆ ಎಂದು ಬರೆದ. ಗಿರಣಿಯವನು ಅದನ್ನು ಎರಡು ಸಲ ಓದಿಸಿ ಕೇಳಿಕೊಂಡು, ಆಮೇಲೆ ಹೆಬ್ಬೆಟ್ಟು ಒತ್ತಿದ.