ಮೊದಲ ಮಂಜುಗಡ್ಡೆಯ ಮೀನು

ಐನಾರ್ ಆ ಒಂದೇ ಹಾಳೆಯನ್ನು ಮೂರನೆಯ ಸಲ ಓದುತ್ತಿದ್ದ. ಚಳಿಗಾಲವಿಡೀ ಮಿನೆಸೋಟಾದ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುವ ಈ ಮನುಷ್ಯ ಓದದೆ ಸಹಿ ಹಾಕಿದ್ದು ಜನ್ಮದಲ್ಲಿಲ್ಲ; ಓದಿ ಹಾಕಿದ್ದೂ ಕಡಿಮೆಯೇ. ಎದುರಿಗೆ ಕೂತಿದ್ದ ಮಗಳು ದಾಗ್ನಿ ಪೆನ್ನನ್ನು ಅವನ ಕಡೆಗೆ ಇನ್ನೊಂದು ಅಂಗುಲ ತಳ್ಳಿದಳು. ನಾಳೆ ನವೆಂಬರ್ ಒಂದು, ಕಾಲೇಜಿನ ಮುಂಗಡ ಅರ್ಜಿಗೆ ಕೊನೆಯ ದಿನ.

ಹಾಳೆಯಲ್ಲಿದ್ದದ್ದು ಇಷ್ಟೇ: ಈ ಕಾಲೇಜು ಸೀಟು ಕೊಟ್ಟರೆ ದಾಗ್ನಿ ಅಲ್ಲಿಗೇ ಸೇರಬೇಕು, ಬೇರೆ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳಬೇಕು. ಇಂಥ ಮಾತನ್ನು ಒಂದು ಕಾಲೇಜಿಗೆ ಮಾತ್ರ ಕೊಡಬಹುದು. ಅವಳ ಸಹಿ ಇತ್ತು, ಶಾಲೆಯ ಸಲಹೆಗಾರ್ತಿ ಮಿಸೆಸ್ ಲಾಹ್ಟಿಯವರ ಸಹಿಯೂ ಇತ್ತು. ತಂದೆಯದೊಂದು ಬಾಕಿ.

ದಾಗ್ನಿ ಲೆಕ್ಕವನ್ನು ಮತ್ತೊಮ್ಮೆ ಒಪ್ಪಿಸಿದಳು. ಪೂರ್ವ ತೀರದ ಈ ಹೆಸರಾಂತ ಕಾಲೇಜಿಗೆ ಎಲ್ಲರ ಜೊತೆ ಜನವರಿಯಲ್ಲಿ ಅರ್ಜಿ ಹಾಕಿದರೆ ಹನ್ನೆರಡರಲ್ಲಿ ಒಬ್ಬರಿಗೆ ಸೀಟು. ಈಗಲೇ ಮಾತು ಕೊಟ್ಟು ಹಾಕಿದರೆ ನಾಲ್ಕರಲ್ಲಿ ಒಬ್ಬರಿಗೆ. ಅವಳು ಮೊದಲು ನೋಡಿಬಂದಿದ್ದ, ವಿಸ್ಕಾನ್ಸಿನ್‌ನಲ್ಲಿ ಕೆರೆದಂಡೆಯ ಮೇಲಿದ್ದ ಇನ್ನೊಂದು ಸಣ್ಣ ಕಾಲೇಜಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಬೇಗ ಹಾಕಿದರೆ ಮೂರರಲ್ಲಿ ಒಬ್ಬರು, ತಡವಾದರೆ ನಾಲ್ಕರಲ್ಲಿ ಒಬ್ಬರು. ಇರುವ ಒಂದೇ ಮಾತನ್ನು ಯಾರಾದರೂ ಅಲ್ಲಿ ದಂಡ ಮಾಡುತ್ತಾರೆಯೇ? ಸಹಾಯಧನ ಎರಡೂ ಕಡೆ ಸಿಗುವಂತಿತ್ತು. ಅಪ್ಪನ ಕೈ ಪೆನ್ನಿನ ಕಡೆಗೆ ಏಕೆ ಹೋಗುತ್ತಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

"ಕೆರೆ ಮಂಜುಗಡ್ಡೆಯಾದ ಮೊದಲ್ನೇ ವಾರ ಮೀನು ಜಾಸ್ತಿ ಬೀಳುತ್ತೆ ಅಂತಾರಲ್ಲ, ಯಾಕೆ ಹೇಳು," ಎಂದ ಐನಾರ್.

"ಆಗ ಮೀನಿಗೆ ಹಸಿವು ಜಾಸ್ತಿ. ಇದಕ್ಕೂ ಅದಕ್ಕೂ ಏನಪ್ಪಾ ಸಂಬಂಧ?"

"ಹಸಿವೂ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆ ವಾರ ಕೆರೆಗೆ ಇಳಿಯೋರು ಯಾರು? ನಲವತ್ತು ವರ್ಷದಿಂದ ಮಂಜುಗಡ್ಡೆ ಕೊರೆದು ಗಾಳ ಹಾಕ್ತಿರೋ ಮುದುಕ್ರು. ಬಿಯರ್ ಕುಡಿಯೋಕೆ ಬರೋ ಪೇಟೆಯವ್ರು ಬರೋದು ಜನವರೀಲಿ. ಅದಕ್ಕೇ ಮೊದಲ್ನೇ ವಾರದ ಲೆಕ್ಕ ಅಷ್ಟು ಚೆನ್ನಾಗಿ ಕಾಣೋದು."

ಮಾತು ಯಾವ ಕಡೆ ಹೋಗುತ್ತಿದೆ ಎಂದು ದಾಗ್ನಿಗೆ ಗೊತ್ತಾಯಿತು. ಮುಂಗಡ ಅರ್ಜಿಯವರಲ್ಲಿ ಕಾಲೇಜು ತಂಡಕ್ಕೆ ಬೇಕಾದ ಆಟಗಾರರು, ಅಲ್ಲೇ ಓದಿದವರ ಮಕ್ಕಳು ಬಹಳ ಮಂದಿ ಇರುತ್ತಾರೆ, ಸೀಟು ಮೊದಲು ಅವರಿಗೇ ಹೋಗುತ್ತದೆಂದು ಮಿಸೆಸ್ ಲಾಹ್ಟಿಯೂ ಹೇಳಿದ್ದರು. ಬೇಡದ ಮಾತೆಂದು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಆದರೂ ಸುಲಭಕ್ಕೆ ಸೋಲೊಪ್ಪುವ ಹುಡುಗಿಯಲ್ಲ. ಅವರನ್ನೆಲ್ಲ ಕಳೆದು ಎಂಟರಲ್ಲಿ ಒಬ್ಬರು ಅಂತಲೇ ಇಟ್ಟುಕೊಂಡರೂ ಹನ್ನೆರಡಕ್ಕಿಂತ ವಾಸಿಯಲ್ಲವೇ ಎಂದು ವಾದಿಸಿದಳು. ವಾಸಿಯೇ ಎಂದು ಐನಾರ್ ಒಪ್ಪಿದ. ಆಮೇಲೆ, ಆ ಕಾಲೇಜಿನಲ್ಲಿ ಅಂಥದ್ದೇನಿದೆ ಎಂದು ಕೇಳಿದ. ಅವಳು ಗ್ರಂಥಾಲಯ ಎಂದಳು, ಹೆಸರು ಎಂದಳು, ಸ್ವಲ್ಪ ತಡೆದು ಮತ್ತೆ ಗ್ರಂಥಾಲಯ ಎಂದಳು.

"ವಿಸ್ಕಾನ್ಸಿನ್‌ನಿಂದ ಬಂದ್ಮೇಲೆ ಮೂರು ವಾರ ಕೆಸರು ಕೆಸರು ಅಂತ ನನ್ನ ತಲೆ ತಿಂದ್ಯಲ್ಲ," ಎಂದ ಅವನು.

ಏಪ್ರಿಲ್‌ನಲ್ಲಿ ಆ ಸಣ್ಣ ಕಾಲೇಜು ನೋಡಲು ಹೋದಾಗ ಅಧ್ಯಾಪಕಿಯೊಬ್ಬರು ಕೆರೆಯ ತಳದಿಂದ ಕೊಳವೆಯಲ್ಲಿ ಎತ್ತಿದ ಕೆಸರನ್ನು ಅವಳ ಕೈಗೆ ಕೊಟ್ಟಿದ್ದರು. ವರ್ಷಕ್ಕೊಂದು ಗೆರೆ. ಅಜ್ಜಿ ಹುಟ್ಟಿದ ವರ್ಷದ ಗೆರೆಯನ್ನು ದಾಗ್ನಿ ತಾನೇ ಎಣಿಸಿ ಹುಡುಕಿದ್ದಳು. ಈಗ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಆರು ತಿಂಗಳು ಬಯಸಿದ್ದನ್ನು ಎರಡು ವಾರದ ಲೆಕ್ಕಾಚಾರಕ್ಕೆ ಬಿಟ್ಟುಕೊಟ್ಟಿದ್ದಳು.

"ಅಲ್ಲೂ ಮೂರರಲ್ಲಿ ಇಬ್ರಿಗೆ ಇಲ್ಲ ಅಂತಾರಪ್ಪಾ."

"ಅನ್ಲಿ. ಬೇಕಾಗಿದ್ದನ್ನ ಕೇಳಿ ಇಲ್ಲ ಅನ್ನಿಸ್ಕೊಂಡ್ರೆ ನಾನು ಜೊತೆಗಿರ್ತೀನಿ. ಬೇಡದ ಕಡೆ ಸೀಟು ಸಿಕ್ಕಿಬಿಟ್ರೆ ನಾಲ್ಕು ವರ್ಷ ಅಲ್ಲಿ ನೀನೊಬ್ಳೇ ಇರ್ಬೇಕು, ಮಗಳೇ."

ಮರುದಿನ ಬೆಳಿಗ್ಗೆ ಮಿಸೆಸ್ ಲಾಹ್ಟಿ ವಿಸ್ಕಾನ್ಸಿನ್ ಕಾಲೇಜಿನ ಹೆಸರಿಗೆ ಹೊಸ ಹಾಳೆ ತೆಗೆದರು, ಸ್ವಲ್ಪ ಗೊಣಗಿದರು, ಸಹಿ ಹಾಕಿದರು. ಐನಾರ್ ಅದನ್ನು ಒಂದೇ ಸಲ ಓದಿ ಸಹಿ ಹಾಕಿದ.

ಡಿಸೆಂಬರ್ ಹದಿನೈದರ ಸಂಜೆ ನಾಲ್ಕಕ್ಕೆ ಉತ್ತರ ಬರಬೇಕಿತ್ತು. ಮನೆಯಲ್ಲಿ ಕೂರಲಾರದೆ ಇಬ್ಬರೂ ಮಧ್ಯಾಹ್ನವೇ ಕೆರೆಗೆ ಹೋದರು. ಐನಾರ್ ಎಂದಿನಂತೆ ಹತ್ತು ಹೆಜ್ಜೆಗೊಮ್ಮೆ ಕೊರೆದು ಮಂಜುಗಡ್ಡೆಯ ದಪ್ಪ ಅಳೆದ. ನಡೆಯಬೇಕು, ಓಡಕೂಡದು ಎಂದು ಅವಳು ಮೂರು ವರ್ಷದವಳಿದ್ದಾಗಿನಿಂದ ಹೇಳುತ್ತ ಬಂದಿದ್ದನ್ನು ಇನ್ನೊಮ್ಮೆ ಹೇಳಿದ. ಅಗಲವಾದ ತೂತೊಂದನ್ನು ಕೊರೆದು ಗಾಳ ಇಳಿಬಿಟ್ಟರು. ನಾಲ್ಕಾಗುತ್ತಲೇ ದಾಗ್ನಿ ಎದ್ದಳು. ಫೋನಿಗೆ ಸಿಗ್ನಲ್ ಸಿಗುವುದು ದಡದ ಮೇಲೆ ಗಾಡಿ ನಿಲ್ಲಿಸಿದ್ದ ಜಾಗದಲ್ಲಿ ಮಾತ್ರ.

ತಿರುಗಿ ನೋಡಬಾರದೆಂದುಕೊಳ್ಳುತ್ತಲೇ ಐನಾರ್ ತಿರುಗಿ ತಿರುಗಿ ನೋಡಿದ. ಗಾಡಿಯ ಪಕ್ಕದಲ್ಲಿ ಅವಳ ಕೆಂಪು ಟೋಪಿ ಅಲುಗದೆ ನಿಂತಿತ್ತು. ಬಹಳ ಹೊತ್ತು ನಿಂತಿತ್ತು. ಲೆಕ್ಕದ ಬಗ್ಗೆ ತನಗೇನು ಗೊತ್ತಿತ್ತು, ಬಾಯಿ ಮುಚ್ಚಿಕೊಂಡು ಸಹಿ ಹಾಕಬಹುದಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಟೋಪಿ ಕೆರೆಗೆ ಇಳಿಯಿತು. ಮೊದಲು ನಡೆಯಿತು. ಅರ್ಧ ದಾರಿಯಲ್ಲಿ "ಸಿಕ್ತಪ್ಪಾ!" ಎಂಬ ಕೂಗಿನೊಂದಿಗೆ ಓಡತೊಡಗಿತು.

ಓಡಬೇಡ ಎನ್ನಲು ಐನಾರ್ ಬಾಯಿ ತೆರೆದ, ಹೇಳಲಿಲ್ಲ. ಎದ್ದು ನಿಂತು ಗಾಳಗಳನ್ನು ಮೇಲೆಳೆದ. ಅವಳ ಕಾಲು ಸಿಕ್ಕಿಕೊಳ್ಳದಿರಲೆಂದು ತಾನು ಕೂತಿದ್ದ ಬಕೆಟ್ಟನ್ನು ತೂತಿನ ಮೇಲೆ ಮಗುಚಿಟ್ಟ.