ಬ್ರೆಡ್ಡು ಬಿಟ್ಟ ರುಚಿಗಾರ

ಬ್ರೆಡ್ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ರುಚಿಯಣ್ಣ. ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಒಂದೇ. ಪ್ರತಿ ಓವನ್ನಿನಿಂದ ಇಳಿದ ಮೊದಲ ಬ್ರೆಡ್ಡನ್ನು ಮುರಿದು, ಮೂಸಿ, ಅಗಿದು, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವುದು. ಒಂದು ತುತ್ತು ಬಾಯಿಗೆ ಹಾಕಿದರೆ ಸಾಕು, ನಾದುವ ಯಂತ್ರವನ್ನು ಎರಡು ನಿಮಿಷ ಮೊದಲೇ ನಿಲ್ಲಿಸಿದ್ದಾರೆ, ಮೂರನೇ ಓವನ್ನಿನ ಎಡಮೂಲೆಯಲ್ಲಿ ಶಾಖ ಸಾಲದು ಅಂತ ಪಟಪಟನೆ ಹೇಳಿಬಿಡುತ್ತಿದ್ದ. "ಇವನ ಬಾಯಲ್ಲಿರೋದು ನಾಲಿಗೆ ಅಲ್ಲ, ಪೊಲೀಸ್ ಠಾಣೆ" ಎಂದು ನಾದುವ ವಿಭಾಗದ ಮೇಸ್ತ್ರಿ ಗೊಣಗುತ್ತಿದ್ದ. ಆದರೆ ರುಚಿಯಣ್ಣ ಒಂಬತ್ತು ಕೊಟ್ಟ ದಿನ ಅದೇ ಮೇಸ್ತ್ರಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಕೆಲಸಗಾರರಿಗೆ ಬ್ರೆಡ್ಡು ಹೊಟ್ಟೆ ಬಿರಿಯುವಷ್ಟು. ಬೆಳಗ್ಗೆಯಿಂದ ಬ್ರೆಡ್ಡನ್ನೇ ಅಗಿದ ರುಚಿಯಣ್ಣನಿಗೆ ಊಟಕ್ಕೂ ಬ್ರೆಡ್ಡೇ ಬೇಕು. ಆರು ತುಂಡು, ಮನಸ್ಸು ಬಂದರೆ ಎಂಟು. ಐವತ್ತೆರಡು ದಾಟುವ ಹೊತ್ತಿಗೆ ಕಾಲು ಜೋಮು ಹಿಡಿಯತೊಡಗಿತು, ಬಾಯಿ ಒಣಗತೊಡಗಿತು. ಹೆಂಡತಿ ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಡಾಕ್ಟರಮ್ಮ ರಕ್ತದ ವರದಿಯನ್ನು ಎರಡು ಸಲ ನೋಡಿದರು. "ದಿನಕ್ಕೆ ಎಷ್ಟು ಬ್ರೆಡ್ ತಿಂತೀರಿ?"

"ಕೆಲಸಕ್ಕಾ, ಹೊಟ್ಟೆಗಾ ಡಾಕ್ಟ್ರೇ?"

ಎರಡೂ ಬೇರೆಬೇರೆ ಎಂದು ಅವನು ವಿವರಿಸಿದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ಕೆಲಸದ್ದು ಅಗಿದು ಉಗಿದುಬಿಡಿ. ಊಟಕ್ಕೆ ಮಾತ್ರ ಬ್ರೆಡ್ಡು ಕಣ್ಣಿಗೂ ಬೀಳಬಾರದು. ಮೂರು ತಿಂಗಳು ಮಾಡಿ, ಆಮೇಲೆ ನೋಡೋಣ."

"ಹಾಗಾದ್ರೆ ಊಟಕ್ಕೆ ಇನ್ನೇನು ತಿನ್ನಲಿ?" ಎಂದು ಅವನು ಕೇಳಿದ ದನಿಯಲ್ಲಿ, ಜಗತ್ತಿನಲ್ಲಿ ಬ್ರೆಡ್ಡು ಬಿಟ್ಟರೆ ಮಣ್ಣೊಂದೇ ಇರುವುದು ಎಂಬ ನಂಬಿಕೆಯಿತ್ತು.

ಅವನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪ್ರಯೋಗ ಎಂದರೆ ಅವಳಿಗೆ ಪ್ರಾಣ. ಮರುದಿನದಿಂದಲೇ ಶುರು ಹಚ್ಚಿಕೊಂಡಳು. ಸೋಮವಾರದ ಡಬ್ಬಿಯಲ್ಲಿ ಬೇಯಿಸಿದ ಎಲೆಕೋಸಿನ ಎಲೆ, ಅದರೊಳಗೆ ಮೊಟ್ಟೆಯ ಪಲ್ಯ. ಒಂದು ಕಡೆ ಕಚ್ಚಿದರೆ ಇನ್ನೊಂದು ಕಡೆಯಿಂದ ಪಲ್ಯ ಹೊರಟು ತೋಳಿನೊಳಗೆ ಇಳಿಯಿತು. ಮಂಗಳವಾರ ಸುಟ್ಟ ಬದನೆಕಾಯಿಯ ಎರಡು ಬಿಲ್ಲೆ, ನಡುವೆ ಕೋಳಿಮಾಂಸ. ಬಿಲ್ಲೆಗಳೆರಡೂ ಮನಸ್ತಾಪವಾದ ಓರಗಿತ್ತಿಯರಂತೆ ಒಂದು ಈ ಕಡೆ ಜಾರಿದರೆ ಇನ್ನೊಂದು ಆ ಕಡೆ ಜಾರಿತು. ಬುಧವಾರ ಅವಳು ಹೂಕೋಸನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಮೊಟ್ಟೆ ಬೆರೆಸಿ ತಟ್ಟಿ ಬೇಯಿಸಿ, ಥೇಟು ಬ್ರೆಡ್ಡಿನ ಆಕಾರಕ್ಕೆ ಕತ್ತರಿಸಿ ಕಳಿಸಿದಳು.

"ಹೇಗಿತ್ತು?" ಎಂದು ಸಂಜೆ ಬಾಗಿಲಲ್ಲೇ ಕೇಳಿದಳು.

ಇಪ್ಪತ್ತೆರಡು ವರ್ಷ ಸುಳ್ಳು ಹೇಳದ ನಾಲಿಗೆ, ಮನೆಯಲ್ಲಾದರೂ ಹೇಳಬೇಕೆಂಬ ಬುದ್ಧಿ ಅದಕ್ಕೆಲ್ಲಿ? "ಮೇಲ್ಪದರ ಒಂದೂವರೆ, ಒಳಗಿನ ಮೃದುತ್ವ ಒಂದು, ವಾಸನೆ ಸೊನ್ನೆ. ತೇವ ಜಾಸ್ತಿ. ಒಟ್ಟು ಹತ್ತಕ್ಕೆ ಎರಡೂವರೆ."

"ಎರಡೂವರೆನಾ? ನಾನು ಶಾಲೇಲಿ ಕೈಯೆತ್ತದ ಮಕ್ಕಳಿಗೂ ಮೂರು ಕೊಡ್ತೀನಿ ಕಣ್ರೀ!" ಎಂದವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆದರೂ ಡಬ್ಬಿ ತಪ್ಪಿಸಲಿಲ್ಲ. ಹೂಕೋಸನ್ನು ಇನ್ನೂ ಬಿಗಿಯಾಗಿ ಹಿಂಡತೊಡಗಿದಳು, ಯಾರನ್ನು ನೆನೆದು ಹಿಂಡುತ್ತಿದ್ದಳೋ ಏನೋ.

ಮನೆಯ ಮುನಿಸು ಹೇಗೋ ಕರಗಿತು. ಕಾರ್ಖಾನೆಯ ಕಥೆಯೇ ಬೇರೆ. ಡಬ್ಬಿ ಬಿಚ್ಚಲು ನಾಚಿಕೆಯಾಗಿ ರುಚಿಯಣ್ಣ ಉಗ್ರಾಣಕ್ಕೆ ಹೋಗಿ ಮೈದಾ ಚೀಲಗಳ ಹಿಂದೆ ಕೂತು ತಿನ್ನುತ್ತಿದ್ದ. ಕ್ಯಾಂಟೀನಿನಲ್ಲಿ ಅವನ ಜಾಗ ಖಾಲಿ. ಬಡಿಸುವ ಕ್ಯಾಂಟೀನ್ ಅಕ್ಕ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಮೇಸ್ತ್ರಿಯ ತಟ್ಟೆಗೆ ಬ್ರೆಡ್ಡು ಹಾಕುತ್ತಾ ಅಂದಳು, "ರುಚಿಯಣ್ಣ ನಮ್ಮ ಬ್ರೆಡ್ಡು ಮುಟ್ತಾ ಇಲ್ಲಪ್ಪ. ಉಗ್ರಾಣದಲ್ಲಿ ಕದ್ದು ಅದೇನೋ ಸೊಪ್ಪು ತಿಂತಾನೆ."

ಮೇಸ್ತ್ರಿಯ ಕೈ ತುತ್ತಿನ ಸಮೇತ ಅರ್ಧದಲ್ಲೇ ನಿಂತಿತು. "ಅವನಿಗೆ ಏನೋ ಗೊತ್ತಾಗಿದೆ."

ಆ ಒಂದು ಮಾತಿಗೆ ರೆಕ್ಕೆಪುಕ್ಕ ಹುಟ್ಟಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮೈದಾದಲ್ಲಿ ಹುಳವಂತೆ ಎಂದು ಓವನ್ನಿನವರು ಅಂದರು. ಹುಳ ಆದ್ರೆ ಪರವಾಗಿಲ್ಲ, ಸುಣ್ಣವಂತೆ ಎಂದು ಪ್ಯಾಕಿಂಗಿನ ಹೆಂಗಸರು ಅಂದರು. ಲಾರಿಯವರ ಕಿವಿಗೆ ಬೀಳುವಾಗ ಅದು ಸಿಮೆಂಟಾಗಿತ್ತು. ಶುಕ್ರವಾರ ಕ್ಯಾಂಟೀನಿನಲ್ಲಿ ಬ್ರೆಡ್ಡು ರಾಶಿ ರಾಶಿ ಉಳಿಯಿತು. ಶನಿವಾರ ಮ್ಯಾನೇಜರರಿಂದ ಕರೆ ಬಂತು.

ಮ್ಯಾನೇಜರರ ಕೋಣೆಯ ಗೋಡೆಯ ತುಂಬ ಒಂದೇ ಜಾಹೀರಾತಿನ ಚಿತ್ರ. ಕೆನ್ನೆ ಉಬ್ಬಿದ ಮಗುವೊಂದು ನಗುತ್ತಾ ಬ್ರೆಡ್ಡು ಕಚ್ಚುತ್ತಿದೆ. ಕೆಳಗೆ 'ನಾವು ತಿನ್ನುವುದನ್ನೇ ನಿಮಗೆ ಕೊಡುತ್ತೇವೆ' ಎಂಬ ಸಾಲು.

"ಇದೇನ್ರೀ ನೀವು ಹಚ್ಚಿರೋ ಬೆಂಕಿ?" ಎಂದರು ಮ್ಯಾನೇಜರು. ರುಚಿಯಣ್ಣ ವರದಿ ತೋರಿಸಿದ, ಡಾಕ್ಟರಮ್ಮ ಹೇಳಿದ್ದನ್ನು ಒಪ್ಪಿಸಿದ. ಅವರು ವರದಿಯನ್ನು ಕಣ್ಣಿನಂಚಿನಲ್ಲೇ ನೋಡಿ ಪಕ್ಕಕ್ಕಿಟ್ಟರು. "ಪಾಪ, ಅರ್ಥ ಆಗತ್ತೆ. ಆದ್ರೆ ಇದು ಕಂಪನಿ ಮರ್ಯಾದೆ ಪ್ರಶ್ನೆ. ಸೋಮವಾರದಿಂದ ಕ್ಯಾಂಟೀನಿನ ನಟ್ಟನಡುವಿನ ಮೇಜಲ್ಲಿ ಕೂತು, ಎಲ್ಲರಿಗೂ ಕಾಣೋ ಹಾಗೆ ಎರಡು ತುಂಡು ತಿನ್ನಿ. ನುಂಗಬೇಡಿ ಬಿಡಿ. ಬಾಯಲ್ಲೇ ಇಟ್ಕೊಂಡು, ಹಿಂದಿನ ಬಾಗಿಲಿಂದ ಹೋಗಿ ಉಗಿದು ಬನ್ನಿ."

ಸೋಮವಾರ ರುಚಿಯಣ್ಣ ನಡುವಿನ ಮೇಜಿಗೆ ಕೂತ. ನೂರಿಪ್ಪತ್ತು ಜೊತೆ ಕಣ್ಣು ಅವನ ಬಾಯಿಯ ಮೇಲೆ. ಮೂರನೇ ಓವನ್ನಿನ ಬ್ರೆಡ್ಡು, ಇನ್ನೂ ಬೆಚ್ಚಗಿತ್ತು. ತುಂಡು ಬಾಯಿಗಿಟ್ಟ. ಅಂಕ ಕೊಡಲು ಅಗಿದು ಉಗಿಯುವ ತುತ್ತು ಬೇರೆ, ಹಸಿದ ಹೊತ್ತಿನ ಊಟದ ತುಂಡು ಬೇರೆ. ಒಂದು ವಾರ ಎಲೆಕೋಸು ಜಗಿದು ಬೇಸತ್ತಿದ್ದ ನಾಲಿಗೆಗೆ ಆ ಹದವಾದ ಉಪ್ಪು, ಆ ಕಂದು ಅಂಚಿನ ಘಮ ತಾಗಿದ್ದೇ ತಡ, ಅವನ ಕಣ್ಣಲ್ಲಿ ನೀರು ಬಂತು. ಹಿಂದಿನ ಬಾಗಿಲು ಎಲ್ಲಿದೆ ಎನ್ನುವುದೇ ಮರೆತುಹೋಯಿತು. ಎರಡು ನಾಲ್ಕಾಯಿತು, ನಾಲ್ಕು ಏಳಾಯಿತು. ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಬಂದು ಬೆನ್ನು ಚಪ್ಪರಿಸಿದ.

ಸಂಜೆ ಹೆಂಡತಿ ಅವನ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಸಕ್ಕರೆ ಅಳೆಯುವ ಯಂತ್ರದಲ್ಲಿ ಅಂಕೆ ನೋಡಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಯಂತ್ರವನ್ನು ಅವನ ಮುಂದೆ ಇಟ್ಟು ಒಳಗೆ ಹೋಗಿ ಹೂಕೋಸು ತುರಿಯುತ್ತ ಕೂತಳು. ಅವನು ಹೊರಗೆ ಕೂತು ಆ ತುರಿಯುವ ಸದ್ದನ್ನೇ ಕೇಳುತ್ತಿದ್ದ. 'ನಾಳೆ ಹೋಗಿ ಆಗಲ್ಲ ಅಂದುಬಿಡ್ತೀನಿ. ಕೆಲಸ ಹೋದ್ರೆ ಹೋಗಲಿ' ಎಂದು ನಿರ್ಧರಿಸಿದ.

ಮರುದಿನ ಊಟದ ಹೊತ್ತಿಗೆ ಸರಿಯಾಗಿ, ಧೈರ್ಯ ಆರಿಹೋಗುವ ಮೊದಲೇ, ಬಾಗಿಲು ತಟ್ಟುವುದನ್ನೂ ಮರೆತು ಮ್ಯಾನೇಜರರ ಕೋಣೆಗೆ ನುಗ್ಗಿದ. ಮ್ಯಾನೇಜರು ಜಾಹೀರಾತಿನ ಮಗುವಿಗೆ ಬೆನ್ನು ಹಾಕಿ, ಮೇಜಿನ ಡ್ರಾಯರಿನೊಳಗೆ ತಲೆಯಿಟ್ಟುಕೊಂಡು ಏನೋ ಮೆಲ್ಲುತ್ತಿದ್ದರು. ತಲೆ ಎತ್ತಿದಾಗ ತುಟಿಯಂಚಿನಿಂದ ಲೆಟ್ಯೂಸ್ ಎಲೆಯ ತುದಿ ಮೊಲದ ಬಾಯಿಂದ ಇಣುಕುವಂತೆ ಇಣುಕುತ್ತಿತ್ತು.

ರುಚಿಯಣ್ಣನ ಹಿಂದೆ ಬಾಗಿಲು ಹಾಗೇ ತೆರೆದಿತ್ತು.

"ಮೊದ್ಲು ಬಾಗಿಲು ಹಾಕ್ರೀ" ಎಂದರು ಮ್ಯಾನೇಜರು, ಎಲೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಾ.

"ಸಾರ್, ನಿಮಗೂ..."

"ಮೂರು ವರ್ಷ ಆಯ್ತು." ಅವರ ದನಿ ಇಳಿದಿತ್ತು. "ನನ್ನ ತಂಗಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಎಲೆ, ಮೊಟ್ಟೆ, ಸೌತೆಕಾಯಿ, ಎಲೆ, ಮೊಟ್ಟೆ, ಸೌತೆಕಾಯಿ. ಬಾಯಿ ಜಡ್ಡುಗಟ್ಟಿ ಹೋಗಿದೆ. ನಿಮ್ಮ ಡಬ್ಬೀಲೇನಿದೆ ಇವತ್ತು?"

ಹೂಕೋಸಿನ ಬ್ರೆಡ್ಡು ಕಂಡದ್ದೇ ಅವರ ಮುಖ ಅರಳಿತು. ಒಂದು ತುಂಡು ತಿಂದು ಕಣ್ಣು ಮುಚ್ಚಿಕೊಂಡರು. ರುಚಿಯಣ್ಣ ಎರಡೂವರೆ ಕೊಟ್ಟಿದ್ದ ಅದೇ ಬ್ರೆಡ್ಡಿನ ಇನ್ನೊಂದು ತುಂಡನ್ನೂ ಎತ್ತಿಕೊಂಡರು.

ಆ ಹೊತ್ತಿನಲ್ಲೇ ಉಪಾಯ ಹೊಳೆದದ್ದು. ಊಟದ ವೇಳೆಗೆ ಇಬ್ಬರೂ ಬಾಗಿಲು ಹಾಕಿಕೊಂಡು ಕೂರುವುದಕ್ಕೆ ಒಂದು ಕಾರಣ ಬೇಕಲ್ಲ? ಮರುದಿನ ಸೂಚನಾ ಫಲಕದಲ್ಲಿ ಕಾಗದ ಬಿತ್ತು: 'ಬ್ರೆಡ್ಡಿನ ಗುಣಮಟ್ಟವನ್ನು ಇನ್ನಷ್ಟು ಹೆಚ್ಚಿಸುವ ಸಲುವಾಗಿ ಗುಣಮಟ್ಟ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯು ಪ್ರತಿದಿನ ಮಧ್ಯಾಹ್ನ ಒಂದರಿಂದ ಎರಡರವರೆಗೆ ಸಭೆ ಸೇರುವುದು. ಯಾರೂ ಬಾಗಿಲು ತಟ್ಟಕೂಡದು.'

ಕೆಲಸಗಾರರಿಗೆ ಇದು ಬಹಳ ಹಿಡಿಸಿತು. ರುಚಿಯಣ್ಣ ನಮ್ಮ ಬ್ರೆಡ್ಡಿಗಾಗಿ ಊಟ ಬಿಟ್ಟು ಸಭೆ ಮಾಡ್ತಿದಾನಂತೆ ಎಂದು ಕ್ಯಾಂಟೀನ್ ಅಕ್ಕ ಕಣ್ಣೊರೆಸಿಕೊಂಡಳು. ಮೈದಾದೊಳಗಿನ ಹುಳ, ಸುಣ್ಣ, ಸಿಮೆಂಟು ಎಲ್ಲ ಮಾಯವಾಗಿ ಜನ ಮೊದಲಿನಂತೆ ಬ್ರೆಡ್ಡು ತಿನ್ನತೊಡಗಿದರು.

ಇತ್ತ ಸಮಿತಿ ಬೆಳೆಯಿತು. ಮೊದಲ ವಾರ ಮಾರಾಟ ವಿಭಾಗದ ಮುಖ್ಯಸ್ಥರು ಬಂದು, "ನಾನೂ ಸೇರಬಹುದಾ? ನಂದು ಬದನೆಕಾಯಿ" ಎಂದು ಪಿಸುಗುಟ್ಟಿದರು. ಎರಡನೆಯ ವಾರ ಕಾವಲುಗಾರರ ಮುಖ್ಯಸ್ಥ ಬೇಯಿಸಿದ ಮೊಟ್ಟೆ ಜೇಬಿನಲ್ಲಿಟ್ಟುಕೊಂಡು ಬಂದ. ಬ್ರೆಡ್ಡಿನ ಗುಣಗಾನ ಬರೆಯುವ ಜಾಹೀರಾತಿನಮ್ಮ ಬಂದವಳು, ದಪ್ಪ ಮೆಣಸಿನಕಾಯಿಯನ್ನು ಸೀಳಿ ಒಳಗೆ ಮೀನು ತುಂಬಿದರೆ ಹೇಗಿರುತ್ತದೆಂದು ತೋರಿಸಿದಳು. ಆರು ವಾರದಲ್ಲಿ ಸದಸ್ಯರು ಹನ್ನೊಂದು ಮಂದಿ. ಬ್ರೆಡ್ಡು ಮಾಡಿಸುವವರು, ಮಾರುವವರು, ಹೊಗಳುವವರು, ಕಾಯುವವರು ಎಲ್ಲ ಅಲ್ಲಿದ್ದರು. ಬ್ರೆಡ್ಡು ಮಾತ್ರ ಇರಲಿಲ್ಲ.

ಸಭೆ ಅಂದಮೇಲೆ ನಡಾವಳಿ ಬರೆಯಬೇಕು. ಮ್ಯಾನೇಜರು ಶಿಸ್ತಿನ ಮನುಷ್ಯ, ಒಂದು ದಿನವೂ ತಪ್ಪಿಸಲಿಲ್ಲ. ಹೂಕೋಸು ಕೈಗಂಟಿದ ದಿನ 'ತೇವಾಂಶದ ಕುರಿತು ಗಂಭೀರ ಚರ್ಚೆ ನಡೆಯಿತು' ಎಂದು ಬರೆದರು. ಲೆಟ್ಯೂಸ್ ಹರಿದು ಮಾರಾಟದವರ ಟೈ ಹಾಳಾದ ದಿನ 'ಹೊರಕವಚದ ಬಾಳಿಕೆ ತೃಪ್ತಿಕರವಾಗಿಲ್ಲವೆಂದು ಸಭೆಯು ಅಭಿಪ್ರಾಯಪಟ್ಟಿತು' ಎಂದಾಯಿತು. ಈ ನಡಾವಳಿಗಳು ಕ್ರಮವಾಗಿ ಮೇಲಕ್ಕೆ, ಕಾರ್ಖಾನೆಯ ಒಡತಿಯ ಬಳಿಗೆ ಹೋಗುತ್ತಿದ್ದವು. ಅವುಗಳನ್ನು ಯಾರಾದರೂ ಓದುತ್ತಾರೆಂದು ಮ್ಯಾನೇಜರು ಕನಸಿನಲ್ಲೂ ಎಣಿಸಿರಲಿಲ್ಲ.

ಒಡತಿ ಓದುತ್ತಿದ್ದರು. ಎಂಬತ್ತೊಂದು ವರ್ಷದ ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಗಂಡನ ಜೊತೆ ಒಂದೇ ಒಂದು ಓವನ್ನಿನಿಂದ ಶುರು ಮಾಡಿದವರು. ತೇವಾಂಶ, ಹೊರಕವಚ ಎಂದು ಓದಿ ಗಾಬರಿಯಾಗಿ, ಒಂದು ಗುರುವಾರ ಮಧ್ಯಾಹ್ನ ಒಂದೂಕಾಲು ಗಂಟೆಗೆ ಯಾರಿಗೂ ಹೇಳದೆ ಬಂದು ಬಾಗಿಲು ತಟ್ಟಿದರು. ತಟ್ಟಕೂಡದೆಂಬ ಕಾಗದ ಅವರಿಗೆ ಅನ್ವಯಿಸುತ್ತಿರಲಿಲ್ಲ.

ಕಾವಲುಗಾರರ ಮುಖ್ಯಸ್ಥ ಬಾಗಿಲು ತೆಗೆದ. ಅವನ ಬಾಯಲ್ಲಿ ಇಡೀ ಮೊಟ್ಟೆಯಿತ್ತು. ದೊಡ್ಡಮ್ಮ ಊರುಗೋಲು ಊರಿಕೊಂಡು ಒಳಬಂದು ಹನ್ನೊಂದು ಡಬ್ಬಿಗಳನ್ನೂ ಒಂದೊಂದಾಗಿ ನೋಡಿದರು.

"ನಮ್ಮ ಬ್ರೆಡ್ಡು ತಿನ್ನೋರು ಈ ಕೋಣೇಲಿ ಯಾರಿದೀರಿ?"

ಎಲ್ಲರ ದೃಷ್ಟಿ ಸುಳ್ಳು ಹೇಳಲಾರದ ನಾಲಿಗೆಯ ಕಡೆ ತಿರುಗಿತು. ರುಚಿಯಣ್ಣ ಎದ್ದು ನಿಂತ. "ಯಾರೂ ಇಲ್ಲ ದೊಡ್ಡಮ್ಮ. ನಿಮ್ಮ ಬ್ರೆಡ್ಡು ತುಂಬ ಚೆನ್ನಾಗಿದೆ. ಈ ತಿಂಗಳು ಮೂರು ಸಲ ಒಂಬತ್ತು ಕೊಟ್ಟಿದೀನಿ. ನಮ್ಮ ರಕ್ತ ಸರಿಯಿಲ್ಲ, ಸಕ್ಕರೆ ಜಾಸ್ತಿ, ಅಷ್ಟೇ. ಹೇಳಿಕೊಳ್ಳೋಕೆ ಭಯ ಆಯ್ತು. ಅದಕ್ಕೆ ಸಮಿತಿ ಅಂತ ಹೆಸರಿಟ್ಕೊಂಡು ಕೂತಿದೀವಿ."

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತರು. ಹೂಕೋಸಿನ ತುಂಡೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. "ಇದನ್ನ ಯಾರು ಮಾಡಿದ್ದು?"

"ನನ್ನ ಹೆಂಡ್ತಿ."

"ಕಷ್ಟಪಟ್ಟಿದಾಳೆ, ಪಾಪ." ಒಂದಿಷ್ಟು ಹೊತ್ತು ಜಗಿದರು. "ನೋಡ್ರಪ್ಪಾ, ನನಗೆ ಯಾವ ಕಾಯಿಲೆನೂ ಇಲ್ಲ. ನಾನು ದಿನಾ ನಾಲ್ಕು ತುಂಡು ತಿಂತೀನಿ. ನಿಮಗೆ ಆಗಲ್ಲ ಅಂದ್ರೆ ತಿನ್ನಬೇಡಿ, ತಿಂದು ಸಾಯ್ರಿ ಅಂತ ನಾನ್ಯಾವತ್ತು ಅಂದೆ? ಆದ್ರೆ ನಿಮ್ಮ ಸೌತೆಕಾಯಿ ಪುರಾಣವನ್ನ ನನ್ನ ಬ್ರೆಡ್ಡಿನ ದೋಷ ಅಂತ ಬರೆದು ಕಳಿಸ್ತೀರಲ್ಲ, ಇದಕ್ಕೇನನ್ನಬೇಕು? ಆರು ವಾರ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ! ಏಳಿ, ಎಲ್ಲರೂ ಡಬ್ಬಿ ಎತ್ಕೊಳ್ಳಿ. ಕ್ಯಾಂಟೀನಿಗೆ ನಡೀರಿ."

ಹನ್ನೊಂದು ಜನ ಡಬ್ಬಿ ಹಿಡಿದು ಸಾಲಾಗಿ ಅಂಗಳ ದಾಟಿ ಕ್ಯಾಂಟೀನಿಗೆ ಬಂದಾಗ ಊಟಕ್ಕೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ದೊಡ್ಡಮ್ಮ ರುಚಿಯಣ್ಣನನ್ನು ಮುಂದಕ್ಕೆ ತಳ್ಳಿದರು. ಅವನು ಕೋಣೆಯಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದ. ಹೇಳಿ ಮುಗಿಸಿ, ಏನಾಗುವುದೋ ಎಂದು ಮೇಸ್ತ್ರಿಯ ಮುಖ ನೋಡಿದ.

"ಸಕ್ಕರೆ ಕಾಯಿಲೆನಾ? ಅಷ್ಟೇನಾ?" ಎಂದ ಮೇಸ್ತ್ರಿ. "ನನಗೂ ಇದೆ ಮಾರಾಯ. ಬಿಟ್ಟರೆ ನೀನು ಬೇಜಾರು ಮಾಡ್ಕೋತೀಯ ಅಂತ ತಿಂತಾ ಇದ್ದೆ."

ಪ್ಯಾಕಿಂಗಿನ ಕಡೆಯಿಂದ ನಾಲ್ಕು ಕೈ ಮೇಲೆದ್ದವು. ಲಾರಿಯವರ ಮೇಜಿನಿಂದ ಇನ್ನೆರಡು. ಅವರಲ್ಲೊಬ್ಬ ಬದನೆಕಾಯಿ ಜಾರದಂತೆ ಮಾಡಲು ಅದಕ್ಕೆ ಮೊದಲೇ ಉಪ್ಪು ಸವರಿ ನೀರು ಬಸಿಯಬೇಕೆಂದು ಗಟ್ಟಿಯಾಗಿ ಹೇಳಿದ. ಕೇಳಲು ಮಾರಾಟದ ಮುಖ್ಯಸ್ಥರು ತಮ್ಮ ಡಬ್ಬಿ ಸಮೇತ ಆ ಮೇಜಿಗೇ ಎದ್ದು ಹೋದರು. ರುಚಿಯಣ್ಣನ ಎದೆಯ ಮೇಲಿನ ಭಾರ ಇಳಿದಂತಾಯಿತು. ಅವನು ತನ್ನ ಹಳೆಯ ಜಾಗದಲ್ಲಿ ಕೂತು, ಎಲೆಕೋಸಿನ ಸುರುಳಿಯನ್ನು ಯಾರಿಗೂ ಮರೆಮಾಡದೆ ಕಚ್ಚಿದ. ಪಲ್ಯ ಯಥಾಪ್ರಕಾರ ತೋಳಿಗಿಳಿಯಿತು. ಪಕ್ಕದವನು ಒರೆಸಿಕೊಳ್ಳಲು ಬಟ್ಟೆ ಕೊಟ್ಟ.

ಮ್ಯಾನೇಜರು ಮಾತ್ರ ಬಾಗಿಲ ಬಳಿಯೇ ನಿಂತಿದ್ದರು. ಹದಿನಾಲ್ಕು ವರ್ಷದಲ್ಲಿ ಕ್ಯಾಂಟೀನಿನೊಳಗೆ ಅವರು ಕಾಲಿಟ್ಟದ್ದು ಇದೇ ಮೊದಲು. ತಟ್ಟೆ ಎಲ್ಲಿರುತ್ತದೆ, ನೀರು ಎಲ್ಲಿ ಹಿಡಿಯಬೇಕು ಎಂದು ತಿಳಿಯದೆ ಸಾಲಿನ ಮುಂದಕ್ಕೆ ಹೋಗಿ ತಟ್ಟೆಗೆಂದು ಕೈ ಚಾಚಿದರು.

"ಹಿಂದೆ ಹೋಗಿ ಸಾರ್," ಎಂದಳು ಕ್ಯಾಂಟೀನ್ ಅಕ್ಕ ಸೌಟು ತೋರಿಸುತ್ತಾ, "ಇಲ್ಲಿ ಎಲ್ಲರೂ ಸಾಲಲ್ಲಿ ನಿಲ್ತಾರೆ."

ಅವರು ಹೋಗಿ ಲಾರಿಯವನೊಬ್ಬನ ಹಿಂದೆ ನಿಂತುಕೊಂಡರು.